ವಿಕ್ ಕಾರ್ಡಿಗೆ ಯಾವ ಹಾಲು ಸಿಗುತ್ತದೆ?

ಡೆಟ್ರಾಯಿಟ್ ಮಗ್ಗುಲಿನ ಕ್ಯಾಂಟನ್ ಆಗಲಿ, ಶಿಕಾಗೊ ಮಗ್ಗುಲಿನ ನೇಪರ್‌ವಿಲ್ ಆಗಲಿ, ದೊಡ್ಡ ಅಂಗಡಿಯ ಹಾಲಿನ ಸಾಲಿನ ಮುಂದೆ ನಿಂತವರಿಗೆ ಆಯ್ಕೆಗೇನೂ ಬರವಿಲ್ಲ. ಹೋಲ್ ಮಿಲ್ಕ್, 2%, 1%, ಸ್ಕಿಮ್, ಲ್ಯಾಕ್ಟೋಸ್ ತೆಗೆದದ್ದು, ಸಾವಯವ, ಸೋಯಾ, ಬಾದಾಮಿ, ಓಟ್ಸ್, ಚಾಕೊಲೇಟ್ ಬೆರೆಸಿದ್ದು ಎಲ್ಲವೂ ಅಲ್ಲಿವೆ. ಆದರೆ ಕೈಯಲ್ಲಿ ವಿಕ್ ಕಾರ್ಡ್ ಹಿಡಿದು ಬಂದ ತಾಯಿಗೆ ಇವುಗಳಲ್ಲಿ ಎರಡು ಮೂರು ಬಗೆ ಮಾತ್ರ ಲೆಕ್ಕಕ್ಕೆ ಬರುತ್ತವೆ. ಆ ಎರಡು ಮೂರು ಯಾವುವು ಎನ್ನುವುದು ಬಿಲ್ ಕೌಂಟರಿನಲ್ಲಿ ತೀರ್ಮಾನವಾಗುವುದಿಲ್ಲ. ಅದಕ್ಕೆ ಮೊದಲೇ, ವಿಕ್ ಕ್ಲಿನಿಕ್ಕಿನ ಪೌಷ್ಟಿಕ ತಜ್ಞರ ಜತೆ ಆಡಿದ ಮಾತಿನಲ್ಲಿ ತೀರ್ಮಾನವಾಗಿರುತ್ತದೆ. ಅಲ್ಲಿ ಸುಮ್ಮನೆ ತಲೆಯಾಡಿಸಿ ಬಂದವರ ಕಾರ್ಡಿಗೆ ಮಾಮೂಲಿ ಪಟ್ಟಿ ಬೀಳುತ್ತದೆ. ಮನೆಯಲ್ಲಿ ಏನು ಕುಡಿಯುತ್ತಾರೆ, ಏನು ಹಿಡಿಸುವುದಿಲ್ಲ, ಮೊಸರು ಎಷ್ಟು ಬೇಕು ಎಂದು ಬಾಯಿಬಿಟ್ಟು ಹೇಳಿದವರಿಗೆ ನಿಯಮದೊಳಗೇ ಬೇರೆ ದಾರಿಗಳು ತೆರೆಯುತ್ತವೆ.

ಶಿಕಾಗೊದ ವಿದ್ಯಾರಣ್ಯ ಕನ್ನಡ ಕೂಟ, ಡೆಟ್ರಾಯಿಟ್‌ನ ಪಂಪ ಕನ್ನಡ ಕೂಟಗಳ ಕಾರ್ಯಕ್ರಮಗಳಿಗೆ ಬರುವವರಲ್ಲಿ ಹೆಚ್ಚಿನವರು ಒಳ್ಳೆಯ ಸಂಬಳದ ಎಂಜಿನಿಯರುಗಳು, ವೈದ್ಯರು ಎಂಬ ಮಾತಿದೆ. ಅದು ಅರ್ಧ ಸತ್ಯ. ಆ್ಯನ್ ಆರ್ಬರ್‌ನಲ್ಲಿ ಸ್ಟೈಪೆಂಡಿನ ಮೇಲೆ ಪಿಎಚ್‌ಡಿ ಮಾಡುತ್ತಿರುವವರು, ಕೆಲಸ ಹೋಗಿ ಹೊಸ ಕೆಲಸ ಹುಡುಕುತ್ತಿರುವವರು, ಒಬ್ಬರ ದುಡಿಮೆಯಲ್ಲಿ ನಾಲ್ಕು ಹೊಟ್ಟೆ ಹೊರೆಯುವವರೂ ಈ ಊರುಗಳಲ್ಲಿ ಇದ್ದಾರೆ. ವಿಕ್ ಇರುವುದು ಅಂಥವರಿಗಾಗಿಯೇ.

ಏನಿದು ವಿಕ್?

ಬಸುರಿಯರು, ಬಾಣಂತಿಯರು, ಹಸುಗೂಸುಗಳು ಮತ್ತು ಐದು ವರ್ಷ ತುಂಬದ ಮಕ್ಕಳಿಗೆ ಅಮೆರಿಕದ ಕೇಂದ್ರ ಸರ್ಕಾರ ಕೊಡುವ ಪೂರಕ ಆಹಾರ ಯೋಜನೆಯೇ ವಿಕ್. 1972ರಲ್ಲಿ ಪ್ರಾಯೋಗಿಕವಾಗಿ ಮಂಜೂರಾಗಿ, 1974ರಲ್ಲಿ ಕೆಂಟಕಿ ರಾಜ್ಯದ ಪೈನ್‌ವಿಲ್‌ನಲ್ಲಿ ಮೊದಲ ಕೇಂದ್ರ ತೆರೆದು, 1975ರಲ್ಲಿ ಶಾಶ್ವತ ಯೋಜನೆಯಾಯಿತು. ಅದೇ 1975ರ ಅಕ್ಟೋಬರ್ 2ರಂದು ಭಾರತದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಅದರ ಮೊದಲ ತಾಲ್ಲೂಕು ಟಿ. ನರಸೀಪುರ. ಅಂಗನವಾಡಿ ಕಂಡವರಿಗೆ ವಿಕ್‌ನ ಉದ್ದೇಶ ಬಿಡಿಸಿ ಹೇಳಬೇಕಿಲ್ಲ. ನಡೆಯುವ ರೀತಿ ಮಾತ್ರ ಬೇರೆ. ಕರ್ನಾಟಕದಲ್ಲಿ 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಪುಡಿಯಿಂದ ಹಾಲು ಕಾಯಿಸಿ ಮಗುವಿನ ಲೋಟಕ್ಕೆ 150 ಮಿಲಿಲೀಟರ್ ಬಗ್ಗಿಸುತ್ತಾರೆ. ವಿಕ್‌ನಲ್ಲಿ ಹಾಲನ್ನು ಯಾರೂ ಬಗ್ಗಿಸಿ ಕೊಡುವುದಿಲ್ಲ. ತಿಂಗಳಿಗೆ ಇಂತಿಷ್ಟು ಹಾಲು, ಮೊಟ್ಟೆ, ಕಾಳು, ಧಾನ್ಯ, ಹಣ್ಣು ತರಕಾರಿ ಎಂದು ಕಾರ್ಡಿಗೆ ತುಂಬುತ್ತಾರೆ. ಆ ಕಾರ್ಡನ್ನು ಅಂಗಡಿಯಲ್ಲಿ ಉಜ್ಜಿ ತಂದುಕೊಳ್ಳಬೇಕು.

ಈ ಎರಡು ಊರುಗಳಿಗೂ ಇಂಥ ಕೆಲಸದ ಹಳೆಯ ನಂಟಿದೆ. ಡೆಟ್ರಾಯಿಟ್‌ನ ಫೋಕಸ್ ಹೋಪ್ ಸಂಸ್ಥೆ, ವಿಕ್ ಇನ್ನೂ ಬಾರದ 1971ರಲ್ಲೇ ತಾಯಂದಿರಿಗೂ ಪುಟ್ಟ ಮಕ್ಕಳಿಗೂ ಸರ್ಕಾರಿ ಆಹಾರ ಹಂಚಲು ನಿಂತಿತ್ತು. ಶಿಕಾಗೊದಲ್ಲಿ ಕ್ಯಾಥೊಲಿಕ್ ಚಾರಿಟೀಸ್ ಬಹುಕಾಲ ವಿಕ್‌ಗೆಂದೇ ಪ್ರತ್ಯೇಕ ಆಹಾರ ಕೇಂದ್ರಗಳನ್ನು ನಡೆಸಿತು. ಈಗ ಎರಡೂ ಕಡೆ ಡೆಬಿಟ್ ಕಾರ್ಡಿನಂಥ ಇಬಿಟಿ ಕಾರ್ಡು, ಅದಕ್ಕೊಂದು ಪಿನ್ ನಂಬರು.

ಯಾರು ಅರ್ಹರು?

ಕುಟುಂಬದ ತೆರಿಗೆಗೆ ಮುಂಚಿನ ಆದಾಯ ಕೇಂದ್ರದ ಬಡತನ ರೇಖೆಯ 185 ಶೇಕಡಾ ಮೀರಬಾರದು. 2025ರ ಜುಲೈಯಿಂದ 2026ರ ಜೂನ್‌ವರೆಗಿನ ಲೆಕ್ಕದಲ್ಲಿ ಮೂವರ ಕುಟುಂಬಕ್ಕೆ ವರ್ಷಕ್ಕೆ 49,303 ಡಾಲರ್, ನಾಲ್ವರಿಗೆ 59,478 ಡಾಲರ್. ಪ್ರತಿ ಜುಲೈನಲ್ಲಿ ಈ ಅಂಕಿ ಬದಲಾಗುತ್ತದೆ. ಹೊಟ್ಟೆಯಲ್ಲಿರುವ ಕೂಸೂ ಒಂದು ತಲೆ ಎಂದು ಎಣಿಕೆಯಾಗುವುದು ಹಲವರಿಗೆ ಗೊತ್ತಿಲ್ಲ. ಗಂಡ, ಬಸುರಿ ಹೆಂಡತಿ, ಮೂರು ವರ್ಷದ ಮಗು ಇರುವ ಮನೆ ವಿಕ್ ಲೆಕ್ಕದಲ್ಲಿ ನಾಲ್ವರದ್ದು. ಸರ್ಕಾರದ ಆರೋಗ್ಯ ವಿಮೆಯಾದ ಮೆಡಿಕೇಡ್ ಅಥವಾ ಆಹಾರ ನೆರವಾದ ಸ್ನ್ಯಾಪ್ ಇದ್ದವರು ಆದಾಯದ ಪರೀಕ್ಷೆಯನ್ನು ಆಗಲೇ ದಾಟಿದಂತೆ.

ಶಿಕಾಗೊ ಇರುವ ಇಲಿನಾಯ್, ಡೆಟ್ರಾಯಿಟ್ ಇರುವ ಮಿಷಿಗನ್ ಎರಡೂ ರಾಜ್ಯಗಳಲ್ಲಿ ವಿಕ್‌ಗೆ ಪೌರತ್ವ ಬೇಕಿಲ್ಲ, ಗ್ರೀನ್ ಕಾರ್ಡೂ ಬೇಕಿಲ್ಲ. ಎಚ್-1ಬಿ, ಎಚ್-4, ಎಫ್-1, ಎಫ್-2 ವೀಸಾದವರೂ ಅರ್ಜಿ ಹಾಕಬಹುದು. ಸ್ನ್ಯಾಪ್ ಹಾಗಲ್ಲ, ಎಚ್-1ಬಿ ವೀಸಾದವರಿಗೆ ಅದು ಸಿಗುವುದಿಲ್ಲ. ‘ಸರ್ಕಾರದ ನೆರವು ಪಡೆದರೆ ಮುಂದೆ ಗ್ರೀನ್ ಕಾರ್ಡಿಗೆ ಕುತ್ತು’ ಎಂಬ ಅಂಜಿಕೆಯಿಂದ ಹಿಂದೆ ಸರಿಯುವವರು ಬಹಳ. ಈ ಕುರಿತು ಬಂದ 2019ರ ಬಿಗಿಯಾದ ನಿಯಮದಲ್ಲೂ, ಅದರ ಜಾಗಕ್ಕೆ 2022ರಲ್ಲಿ ಬಂದ ನಿಯಮದಲ್ಲೂ ವಿಕ್ ಅನ್ನು ಆ ಲೆಕ್ಕಕ್ಕೆ ಸೇರಿಸಿರಲಿಲ್ಲ. ವಲಸೆ ನಿಯಮಗಳು ಆಗಾಗ ಬದಲಾಗುವುದರಿಂದ, ಅರ್ಜಿ ಅರ್ಧ ದಾರಿಯಲ್ಲಿರುವವರು ವಕೀಲರನ್ನು ಒಂದು ಮಾತು ಕೇಳಿಕೊಂಡರೆ ಮನಸ್ಸಿಗೂ ನೆಮ್ಮದಿ.

ತಿಂಗಳಿಗೆ ಎಷ್ಟು ಹಾಲು?

ವಿಕ್ ಹಾಲನ್ನು ಅಳೆಯುವುದು ಕ್ವಾರ್ಟ್ ಲೆಕ್ಕದಲ್ಲಿ. ಒಂದು ಕ್ವಾರ್ಟ್ ಎಂದರೆ 946 ಮಿಲಿಲೀಟರ್, ಹೆಚ್ಚುಕಡಿಮೆ ಒಂದು ಲೀಟರ್. ನಾಲ್ಕು ಕ್ವಾರ್ಟ್ ಸೇರಿದರೆ ಒಂದು ಗ್ಯಾಲನ್.

2024ರ ಏಪ್ರಿಲ್‌ನಲ್ಲಿ ಅಮೆರಿಕದ ಕೃಷಿ ಇಲಾಖೆ ಆಹಾರದ ಪಟ್ಟಿಯನ್ನು ಪರಿಷ್ಕರಿಸಿತು. ಅದರಂತೆ ಒಂದರಿಂದ ಎರಡು ವರ್ಷದ ಮಗುವಿಗೆ ತಿಂಗಳಿಗೆ 12 ಕ್ವಾರ್ಟ್, ಎರಡು ತುಂಬಿ ಐದು ತುಂಬದ ಮಗುವಿಗೆ 14 ಕ್ವಾರ್ಟ್, ಬಸುರಿಯರಿಗೂ ಬಾಣಂತಿಯರಿಗೂ 16 ಕ್ವಾರ್ಟ್. ಮೊದಲು ಮಕ್ಕಳಿಗೆ 16, ಬಸುರಿಯರಿಗೆ 22, ಪೂರ್ತಿ ಎದೆಹಾಲೂಡುವ ತಾಯಿಗೆ 24 ಕ್ವಾರ್ಟ್ ಇತ್ತು. ಹಾಲು ಕಡಿಮೆಯಾಯಿತು, ಹಣ್ಣು ತರಕಾರಿಯ ಪಾಲು ಹೆಚ್ಚಿತು, ಹಾಲಿನ ಬದಲಿಗೆ ಕೊಳ್ಳಬಹುದಾದ ಪದಾರ್ಥಗಳೂ ಹೆಚ್ಚಿದವು. ರಾಜ್ಯಗಳಿಗೆ ಈ ಬದಲಾವಣೆ ಜಾರಿಗೆ ತರಲು ಸಿಕ್ಕ ಗಡುವು 2026ರ ಏಪ್ರಿಲ್.

ಮೇಲೆ ಹೇಳಿದ ನಾಲ್ವರ ಲೆಕ್ಕದ ಮನೆಗೆ ಹೊಸ ಅಳತೆಯಲ್ಲಿ ತಾಯಿಗೆ 16, ಮಗುವಿಗೆ 14, ಒಟ್ಟು 30 ಕ್ವಾರ್ಟ್. ಅಂದರೆ ಏಳೂವರೆ ಗ್ಯಾಲನ್, ಸುಮಾರು 28 ಲೀಟರ್. ದಿನಕ್ಕೆ ಒಂದು ಲೀಟರಿಗೆ ತುಸು ಕಡಿಮೆ. ಇದು ಪೂರಕ ಆಹಾರ. ಇಡೀ ಮನೆಯ ಕಾಫಿ, ಪಾಯಸಕ್ಕೆ ಸಾಲುವಷ್ಟು ಇರಲಿ ಎಂಬ ಲೆಕ್ಕ ಇದರಲ್ಲಿಲ್ಲ.

ಕೆನೆಯ ಪ್ರಶ್ನೆ

ಕನ್ನಡ ಮನೆಗಳಲ್ಲಿ ತಕರಾರು ಏಳುವುದು ಇಲ್ಲಿಯೇ. ಒಂದರಿಂದ ಎರಡು ವರ್ಷದ ಮಗುವಿಗೆ ವಿಕ್ ಕೊಡುವುದು ಹೋಲ್ ಮಿಲ್ಕ್. ಮಿದುಳು ಬೆಳೆಯುವ ಆ ವಯಸ್ಸಿಗೆ ಕೊಬ್ಬು ಬೇಕು. ಎರಡು ತುಂಬಿದ ಮೇಲೆ, ಹಾಗೆಯೇ ತಾಯಂದಿರಿಗೆ ಸಾಮಾನ್ಯವಾಗಿ 1% ಅಥವಾ ಸ್ಕಿಮ್. ನಡುವಿನ 2% ಮಾಮೂಲಿ ಪಟ್ಟಿಯಲ್ಲಿಲ್ಲ. ಬಾಣಂತನ ಮಾಡಲು ಊರಿನಿಂದ ಬಂದ ಅಜ್ಜಿಗೆ ಇದು ಸಹಿಸದು. ಕಾಯಿಸಿ ಆರಿಸಿಟ್ಟರೂ ಮೇಲೆ ಬೆರಳಿಗೆ ಸಿಗುವಷ್ಟು ಕೆನೆ ಕಟ್ಟದ ಹಾಲನ್ನು ಬಾಣಂತಿಗೆ ಕೊಡುವುದು ಹೇಗೆ ಎಂದು ಆಕೆ ಕೇಳುತ್ತಾರೆ.

ಆಕೆಗೆ ಪರಿಚಯದ ಅಳತೆಯಲ್ಲಿ ಹೇಳುವುದಾದರೆ, ಅಮೆರಿಕದ ಹೋಲ್ ಮಿಲ್ಕಿನಲ್ಲಿ ಕೊಬ್ಬು ಕನಿಷ್ಠ 3.25 ಶೇಕಡಾ. ನಂದಿನಿಯ ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಇರುವುದು 3 ಶೇಕಡಾ. ಅಂದರೆ ಇಲ್ಲಿ ‘ಪೂರ್ಣ’ ಎನಿಸಿಕೊಂಡ ಹಾಲು ಅಲ್ಲಿನ ನೀಲಿ ಪ್ಯಾಕೆಟ್ಟಿಗೆ ಹತ್ತಿರ. 1% ಹಾಲು ಭಾರತದ ಡಬಲ್ ಟೋನ್ಡ್ ಹಾಲಿಗಿಂತಲೂ ತೆಳು. ಡಬಲ್ ಟೋನ್ಡ್‌ನಲ್ಲಿ ಒಂದೂವರೆ ಶೇಕಡಾ ಕೊಬ್ಬು ಇರುತ್ತದೆ. ಆದರೆ ಕೆನೆ ತೆಗೆದರೂ ಹಾಲಿನ ಸತ್ವ ಹೋಗಿರುವುದಿಲ್ಲ. ಹೋಲ್ ಆಗಲಿ, 1% ಆಗಲಿ, ಒಂದು ಕಪ್ಪಿನಲ್ಲಿ ಪ್ರೋಟೀನ್ 8 ಗ್ರಾಂ, ಕ್ಯಾಲ್ಸಿಯಂ ಸುಮಾರು 300 ಮಿಲಿಗ್ರಾಂ. ಕೆನೆ ತೆಗೆದ ವಿಕ್ ಹಾಲಿಗೆ ವಿಟಮಿನ್ ಎ ಮತ್ತು ಡಿ ಸೇರಿಸಿಯೇ ಇರಬೇಕು. ಮಗು ತೂಕ ಹಿಡಿಯುತ್ತಿಲ್ಲ ಎಂಬ ಚಿಂತೆ ಇದ್ದರೆ ಕ್ಲಿನಿಕ್ಕಿನಲ್ಲಿ ಅದನ್ನು ಹೇಳಲೇಬೇಕು. ಎರಡು ದಾಟಿದ ಮಗುವಿಗೆ ಹೋಲ್ ಮಿಲ್ಕ್ ಸಿಗುವುದು ನಿಗದಿತ ಆರೋಗ್ಯ ಸಮಸ್ಯೆ ಇದ್ದು, ವೈದ್ಯರು ಬರೆದುಕೊಟ್ಟಾಗ ಮಾತ್ರ. ಉಳಿದವರು ಮಗುವಿನ ಅನ್ನಕ್ಕೆ ಮನೆಯ ತುಪ್ಪ ಹಾಕಿದರೆ ಯಾವ ನಿಯಮವೂ ಅಡ್ಡ ಬರುವುದಿಲ್ಲ.

ಹಾಲು ಅತಿಯಾದರೂ ತೊಂದರೆಯೇ. ಮಗು ಊಟ ಬಿಟ್ಟು ಬಾಟಲಿಗೇ ಅಂಟಿಕೊಂಡರೆ ಕಬ್ಬಿಣದ ಕೊರತೆ, ಅದರಿಂದ ರಕ್ತಹೀನತೆ ಬರುತ್ತದೆ. ಎರಡು ವರ್ಷದೊಳಗಿನ ಮಗುವಿಗೆ ದಿನಕ್ಕೆ ಎರಡು ಮೂರು ಕಪ್ ಹಾಲು ಮಿತಿ ಎನ್ನುತ್ತಾರೆ ಅಮೆರಿಕದ ಮಕ್ಕಳ ವೈದ್ಯರು. ವಿಕ್ ಕ್ಲಿನಿಕ್ಕಿನಲ್ಲಿ ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡುವುದು ಇದೇ ಕಾರಣಕ್ಕೆ.

ಹಾಲು ಹಿಡಿಸದಿದ್ದರೆ

ದಕ್ಷಿಣ ಭಾರತದ ದೊಡ್ಡವರಲ್ಲಿ ಬಹಳ ಮಂದಿಗೆ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಸರಿಯಾಗಿ ಅರಗುವುದಿಲ್ಲ. ಹೊಟ್ಟೆಯುಬ್ಬರ, ಗುಡುಗುಡು, ಭೇದಿ ಇದರ ಲಕ್ಷಣ. ಅಂಥವರು ಹಾಲು ಬಿಡಬೇಕಿಲ್ಲ. ಲ್ಯಾಕ್ಟೋಸ್ ತೆಗೆದ ಹಾಲನ್ನು ಅಷ್ಟೇ ಅಳತೆಯಲ್ಲಿ ಪಡೆಯಬಹುದು; ಹೊಸ ನಿಯಮದ ಪ್ರಕಾರ ರಾಜ್ಯಗಳು ಅದನ್ನು ಪಟ್ಟಿಯಲ್ಲಿ ಇಡಲೇಬೇಕು. ಕೇಳಿದರಷ್ಟೇ ಕಾರ್ಡಿಗೆ ಬರುತ್ತದೆ.

ಸೋಯಾ ಹಾಲಿನದೂ ಹಾಗೆಯೇ: ಒಂದು ಕ್ವಾರ್ಟ್ ಹಾಲಿಗೆ ಒಂದು ಕ್ವಾರ್ಟ್ ಸೋಯಾ. 2014ಕ್ಕೆ ಮೊದಲು ಮಕ್ಕಳಿಗೆ ಸೋಯಾ ಬೇಕೆಂದರೆ ವೈದ್ಯರ ಚೀಟಿ ತರಬೇಕಿತ್ತು. ಈಗ ವಿಕ್‌ನ ಪೌಷ್ಟಿಕ ತಜ್ಞರೇ ಮಾತನಾಡಿ ನಿರ್ಧರಿಸುತ್ತಾರೆ. ಹಾಲು ಒಗ್ಗದಿರುವುದಷ್ಟೇ ಅಲ್ಲ, ಮನೆಯ ಆಹಾರ ಪದ್ಧತಿಯೂ ಕಾರಣವಾಗಬಹುದು. ಎಲ್ಲ ಸೋಯಾ ಡಬ್ಬಿಗಳೂ ನಡೆಯುವುದಿಲ್ಲ. ಕಪ್ಪಿಗೆ 8 ಗ್ರಾಂ ಪ್ರೋಟೀನ್, 276 ಮಿಲಿಗ್ರಾಂ ಕ್ಯಾಲ್ಸಿಯಂ, ಇನ್ನೂ ಹಲವು ಪೋಷಕಾಂಶಗಳ ಮಟ್ಟ ಮುಟ್ಟಿದ ಬ್ರ್ಯಾಂಡುಗಳಷ್ಟೇ ರಾಜ್ಯದ ಪಟ್ಟಿಯಲ್ಲಿರುತ್ತವೆ. ಮಾರುಕಟ್ಟೆಯ ಬಾದಾಮಿ ಹಾಲು ಸೋಲುವುದು ಇಲ್ಲಿಯೇ. ಸಾಮಾನ್ಯವಾಗಿ ಅದರ ಒಂದು ಕಪ್ಪಿನಲ್ಲಿ ಪ್ರೋಟೀನ್ ಒಂದು ಗ್ರಾಂ ಆಸುಪಾಸು.

ಹಾಲಿನ ಅಲರ್ಜಿ ಬೇರೆಯೇ ಸಂಗತಿ. ಹಾಲು ಕುಡಿದ ಮಗುವಿಗೆ ಮೈಮೇಲೆ ದದ್ದು, ವಾಂತಿ, ಉಬ್ಬಸ ಬಂದರೆ ಅದು ಹಾಲಿನ ಪ್ರೋಟೀನಿನ ಅಲರ್ಜಿ ಇರಬಹುದು. ಲ್ಯಾಕ್ಟೋಸ್ ತೆಗೆದ ಹಾಲಿನಲ್ಲೂ ಆ ಪ್ರೋಟೀನ್ ಇದ್ದೇ ಇರುತ್ತದೆ. ಆಗ ವಿಕ್‌ಗಿಂತ ಮೊದಲು ವೈದ್ಯರ ಬಳಿ ಹೋಗಬೇಕು.

ಮೊಸರು, ಚೀಸ್, ಪನೀರ್

ಮೊಸರನ್ನವಿಲ್ಲದೆ ಊಟ ಮುಗಿಯದ ಮನೆಗಳಿಗೆ ಈ ಭಾಗ ಮುಖ್ಯ. ಹಾಲಿನ ಪಾಲಿನಲ್ಲೇ ಒಂದಷ್ಟನ್ನು ಬಿಟ್ಟುಕೊಟ್ಟು ಬೇರೆ ಪಡೆಯಬಹುದು. ಒಂದು ಕ್ವಾರ್ಟ್ ಹಾಲು ಬಿಟ್ಟರೆ 32 ಔನ್ಸಿನ ಒಂದು ಡಬ್ಬಿ ಮೊಸರು. ಹೊಸ ನಿಯಮ ಇದನ್ನು ಎರಡು ಕ್ವಾರ್ಟಿನವರೆಗೆ ಏರಿಸಿದೆ. ಮೂರು ಕ್ವಾರ್ಟ್ ಬಿಟ್ಟರೆ ಒಂದು ಪೌಂಡ್ ಚೀಸ್. ಒಂದು ಕ್ವಾರ್ಟ್ ಬಿಟ್ಟರೆ ಒಂದು ಪೌಂಡ್ ತೋಫು. ಮೂರು ವರ್ಷದ ಮಗುವಿನ 14 ಕ್ವಾರ್ಟನ್ನು ಒಂದು ಪೌಂಡ್ ಚೀಸ್, ಒಂದು ಡಬ್ಬಿ ಮೊಸರು, ಎರಡೂವರೆ ಗ್ಯಾಲನ್ ಹಾಲು ಎಂದು ಹಂಚಿಕೊಳ್ಳಬಹುದು.

ಚೀಸ್ ಎಂದರೆ ಚೆಡ್ಡರ್, ಮೊಜರೆಲ್ಲಾ, ಕೋಲ್ಬಿಯಂಥವು. ಪನೀರ್ ಸಾಮಾನ್ಯವಾಗಿ ಪಟ್ಟಿಯಲ್ಲಿರುವುದಿಲ್ಲ. ಸಸ್ಯಾಹಾರಿಗಳು ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಬೇಕು: ಕೆಲವು ಮೊಸರುಗಳನ್ನು ಗಟ್ಟಿ ಮಾಡಲು ಪ್ರಾಣಿಜನ್ಯ ಜೆಲಟಿನ್ ಹಾಕಿರುತ್ತಾರೆ, ಕೆಲವು ಚೀಸ್‌ಗಳಿಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಮೊಟ್ಟೆ ತಿನ್ನದವರು ಅದರ ಬದಲು ಕಾಳು ಅಥವಾ ಕಡಲೆಕಾಯಿ ಬೆಣ್ಣೆ ಸಿಗುತ್ತದೆಯೇ ಎಂದು ಅದೇ ಭೇಟಿಯಲ್ಲಿ ವಿಚಾರಿಸಬಹುದು. ಹೊಸ ನಿಯಮದ ಧಾನ್ಯಗಳ ಸಾಲಿನಲ್ಲಿ ಸಿರಿಧಾನ್ಯವೂ ಸೇರಿದೆ. ಯಾವುದನ್ನು ಪಟ್ಟಿಗೆ ಹಾಕಬೇಕೆಂಬುದು ಆಯಾ ರಾಜ್ಯಕ್ಕೆ ಬಿಟ್ಟದ್ದು.

ವಿಕ್ ಹಾಲಿಗೆ ಮನೆಯಲ್ಲಿ ಹೆಪ್ಪು ಹಾಕಲು ಯಾರ ಅಡ್ಡಿಯೂ ಇಲ್ಲ. 1% ಹಾಲಿನ ಮೊಸರು ನೀರಾಗುತ್ತದೆ ಎಂಬ ದೂರಿಗೆ ಉಪಾಯವಿದೆ. ಹಾಲು ಉಕ್ಕು ಬಂದ ಮೇಲೆ ಉರಿ ತಗ್ಗಿಸಿ, ತಳ ಹಿಡಿಯದಂತೆ ಕೈಯಾಡಿಸುತ್ತ ಹತ್ತು ಹದಿನೈದು ನಿಮಿಷ ಬತ್ತಿಸಬೇಕು. ಅರ್ಧ ಗ್ಯಾಲನ್ನಿಗೆ ಮೂರು ನಾಲ್ಕು ಚಮಚ ಕೆನೆರಹಿತ ಹಾಲಿನ ಪುಡಿ ಕದಡಿದರೆ ಇನ್ನೂ ಗಟ್ಟಿ. ಉಗುರುಬೆಚ್ಚಗಾದಾಗ ಹೆಪ್ಪು ಬೆರೆಸಿ, ಒವೆನ್ ಹಚ್ಚದೆ ಒಳಗಿನ ದೀಪವನ್ನಷ್ಟೇ ಉರಿಯಲು ಬಿಟ್ಟು ರಾತ್ರಿಯಿಡೀ ಒಳಗಿಟ್ಟರೆ ಜನವರಿಯ ಶಿಕಾಗೊ ಚಳಿಯಲ್ಲೂ ಮೊಸರು ಕಟ್ಟುತ್ತದೆ. ಲ್ಯಾಕ್ಟೋಸ್ ತೆಗೆದ ಹಾಲೂ ಹೆಪ್ಪುಗಟ್ಟುತ್ತದೆ, ತುಸು ಸಿಹಿ ಇರುತ್ತದೆ. ಆದರೆ ಅದನ್ನು ಹೆಚ್ಚಾಗಿ ಅತಿ ಶಾಖದಲ್ಲಿ ಸಂಸ್ಕರಿಸಿರುವುದರಿಂದ ನಿಂಬೆಹುಳಿ ಹಿಂಡಿದರೆ ಗಟ್ಟಿ ಪನೀರ್ ಆಗದೆ ಪುಡಿಯಾಗುವುದುಂಟು. ಪನೀರಿಗೆ ಮಾಮೂಲಿ ಹಾಲೇ ಲೇಸು.

ಹಸಿ ಹಾಲು, ಅಂದರೆ ಪಾಶ್ಚೀಕರಿಸದ ಹಾಲು, ವಿಕ್‌ನಲ್ಲಿ ಇಲ್ಲವೇ ಇಲ್ಲ. ಈ ವಿಷಯದಲ್ಲಿ ಎರಡೂ ಕಡೆಯವರು ದೇಶಕ್ಕೇ ಮುಂದಾಳುಗಳು. ಹಾಲಿನ ಪಾಶ್ಚೀಕರಣವನ್ನು ಕಡ್ಡಾಯ ಮಾಡಿದ ಮೊದಲ ದೊಡ್ಡ ನಗರ ಶಿಕಾಗೊ, 1908ರಲ್ಲಿ. ಮೊದಲ ರಾಜ್ಯ ಮಿಷಿಗನ್, 1948ರಲ್ಲಿ. ಬಸುರಿಯರು, ಪುಟ್ಟ ಮಕ್ಕಳು ಫಾರ್ಮಿನ ಹಸಿ ಹಾಲಿನಿಂದ ದೂರವಿರುವುದು ಕ್ಷೇಮ.

ವರ್ಷ ತುಂಬದ ಕೂಸಿಗೆ

ಮೊದಲ ಹುಟ್ಟುಹಬ್ಬದವರೆಗೆ ವಿಕ್ ಕೂಸಿಗೆ ಹಸುವಿನ ಹಾಲು ಕೊಡುವುದಿಲ್ಲ. ನೀರು ಬೆರೆಸಿ ಆಕಳ ಹಾಲು ಕುಡಿಸುವ ಊರಿನ ಹಳೆಯ ರೂಢಿಯನ್ನು ಇಲ್ಲಿನ ವೈದ್ಯರು ಒಪ್ಪುವುದಿಲ್ಲ. ಕೂಸಿನ ಮೂತ್ರಪಿಂಡಕ್ಕೆ ಅದು ಹೊರೆ, ಕಬ್ಬಿಣವೂ ಅದರಲ್ಲಿ ಕಡಿಮೆ. ಎದೆಹಾಲೂಡುವ ತಾಯಿಗೆ ವಿಕ್ ಹೆಚ್ಚಿನ ಆಹಾರ, ಸಲಹೆಗಾರ್ತಿಯರ ನೆರವು, ಅಗತ್ಯವಿದ್ದರೆ ಹಾಲು ತೆಗೆಯುವ ಪಂಪನ್ನೂ ಕೊಡುತ್ತದೆ. ಎದೆಹಾಲೂಡುವ ತಾಯಿಗೆ ಒಂದು ವರ್ಷ, ಉಳಿದ ಬಾಣಂತಿಯರಿಗೆ ಆರು ತಿಂಗಳು ಈ ಸೌಲಭ್ಯ.

ಎದೆಹಾಲು ಸಾಲದಿದ್ದರೆ ಫಾರ್ಮುಲಾ. ರಾಜ್ಯ ಸರ್ಕಾರ ಯಾವ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿದೆಯೋ ಅದರ ಡಬ್ಬಿಯೇ ಸಿಗುತ್ತದೆ. ದೇಶದಲ್ಲಿ ಮಾರಾಟವಾಗುವ ಫಾರ್ಮುಲಾದಲ್ಲಿ ಅರ್ಧಕ್ಕೂ ಹೆಚ್ಚು ಹೋಗುವುದು ವಿಕ್ ಮೂಲಕವೇ. ಹಾಗಾಗಿ 2022ರ ಫೆಬ್ರವರಿಯಲ್ಲಿ ಮಿಷಿಗನ್‌ನ ಸ್ಟರ್ಜಿಸ್‌ನಲ್ಲಿರುವ ಆ್ಯಬಟ್ ಕಾರ್ಖಾನೆ ನಿಂತಾಗ ಮೊದಲು ಪೆಟ್ಟು ತಿಂದವರು ವಿಕ್ ತಾಯಂದಿರು. ಆ ವರ್ಷದ ಮೇ ತಿಂಗಳಲ್ಲಿ ಬಂದ ಕಾನೂನು, ಇಂಥ ಕೊರತೆಯ ಹೊತ್ತಿನಲ್ಲಿ ಬ್ರ್ಯಾಂಡಿನ ಕಟ್ಟುಪಾಡು ಸಡಿಲಿಸಲು ಅವಕಾಶ ಮಾಡಿಕೊಟ್ಟಿತು.

ಅಂಗಡಿಯಲ್ಲಿ

ಮೈಯರ್, ಕ್ರೋಗರ್, ಜ್ಯುವೆಲ್-ಆಸ್ಕೊ, ವಾಲ್‌ಮಾರ್ಟ್‌ನಂಥ ದೊಡ್ಡ ಅಂಗಡಿಗಳು ವಿಕ್ ಕಾರ್ಡ್ ತೆಗೆದುಕೊಳ್ಳುತ್ತವೆ. ಡೆವನ್ ಅವೆನ್ಯೂ ಅಥವಾ ಫೋರ್ಡ್ ರೋಡಿನ ದೇಸಿ ಅಂಗಡಿಗೆ ಹೋಗುವ ಮೊದಲು ಅವರಿಗೆ ವಿಕ್ ಪರವಾನಗಿ ಇದೆಯೇ ಎಂದು ಫೋನಿನಲ್ಲಿ ಕೇಳಿಕೊಳ್ಳುವುದು ಜಾಣತನ. ಗೂಡಿನ ಬೆಲೆ ಚೀಟಿಯ ಮೇಲೆ ವಿಕ್ ಎಂಬ ಗುರುತು ಹಲವು ಕಡೆ ಇರುತ್ತದೆ. ಕ್ಯಾನಿನ ಮುಚ್ಚಳದ ಬಣ್ಣವನ್ನು ನಂಬುವಂತಿಲ್ಲ, ಕಂಪನಿಯಿಂದ ಕಂಪನಿಗೆ ಅದು ಬದಲಾಗುತ್ತದೆ. ಮೈಮೇಲಿನ ಅಕ್ಷರವನ್ನೇ ಓದಬೇಕು. ಕಾರ್ಡಿನಲ್ಲಿ 1% ಎಂದಿದ್ದು ಕೈ 2%ಗೆ ಹೋದರೆ ಯಂತ್ರ ಒಪ್ಪುವುದಿಲ್ಲ. ಚಾಕೊಲೇಟ್ ಹಾಲು, ಸಿಹಿ ಕಂಡೆನ್ಸ್ಡ್ ಹಾಲು ಪಟ್ಟಿಯಲ್ಲಿಲ್ಲ.

ಉಳಿದ ಹಾಲು ಮುಂದಿನ ತಿಂಗಳಿಗೆ ಜಮೆಯಾಗುವುದಿಲ್ಲ. ಪ್ರತಿ ಬಿಲ್ಲಿನ ಕೆಳಗೆ ಇನ್ನೆಷ್ಟು ಬಾಕಿ, ಯಾವ ದಿನದವರೆಗೆ ಎಂದು ಮುದ್ರಿಸಿರುತ್ತದೆ. ಆ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಳ್ಳುವವರು ನಷ್ಟ ಮಾಡಿಕೊಳ್ಳುವುದು ಕಡಿಮೆ.

ಭೇಟಿಗೆ ಹೊರಡುವ ಮುನ್ನ

ಗುರುತಿನ ಪತ್ರ, ವಿಳಾಸದ ಪುರಾವೆ, ಆದಾಯದ ಪುರಾವೆ ಅಥವಾ ಮೆಡಿಕೇಡ್ ಕಾರ್ಡು ಜತೆಗಿರಲಿ. ಇಂಗ್ಲಿಷ್ ಸರಾಗವಾಗದ ತಾಯಂದಿರು ಕನ್ನಡದ ದುಭಾಷಿಯನ್ನು ಫೋನಿನಲ್ಲಿ ಕೊಡಿಸಿ ಎಂದು ಮೊದಲೇ ಕೇಳಬಹುದು. ಅದಕ್ಕೆ ಹಣ ಕೊಡಬೇಕಿಲ್ಲ. ಪೌಷ್ಟಿಕ ತಜ್ಞರ ಮುಂದೆ ನಾಲ್ಕು ಸಂಗತಿ ಬಿಡದೆ ಹೇಳಬೇಕು: ಮನೆಯಲ್ಲಿ ಯಾರಿಗೆ ಹಾಲು ಒಗ್ಗುವುದಿಲ್ಲ, ದಿನಕ್ಕೆ ಮೊಸರು ಎಷ್ಟು ಖರ್ಚು, ಮನೆ ಸಸ್ಯಾಹಾರಿಯೇ, ಮಗು ಬಾಟಲಿಯಲ್ಲಿ ಎಷ್ಟು ಹಾಲು ಕುಡಿಯುತ್ತದೆ. ಒಂದೆರಡು ತಿಂಗಳ ಬಳಿಕ ಪಟ್ಟಿ ಹೊಂದಲಿಲ್ಲ ಎನಿಸಿದರೆ ಫೋನ್ ಮಾಡಿ ಬದಲಿಸಲು ಕೇಳಬಹುದು. ಆ ತಿಂಗಳು ಆಗಲೇ ಕೊಂಡದ್ದನ್ನು ಬಿಟ್ಟು, ಬದಲಾವಣೆ ಸಾಮಾನ್ಯವಾಗಿ ಮುಂದಿನದಕ್ಕೆ ಅನ್ವಯಿಸುತ್ತದೆ.

ಶಿಕಾಗೊ ಪಶ್ಚಿಮದ ಡುಪೇಜ್ ಕೌಂಟಿಯವರಿಗೆ ವೀಟನ್‌ನಲ್ಲಿರುವ ಕೌಂಟಿ ಆರೋಗ್ಯ ಇಲಾಖೆಯಲ್ಲಿ ವಿಕ್ ಇದೆ. ಟ್ರಾಯ್, ನೊವೈ, ಫಾರ್ಮಿಂಗ್ಟನ್ ಹಿಲ್ಸ್ ಕಡೆಯವರಿಗೆ ಓಕ್‌ಲ್ಯಾಂಡ್ ಕೌಂಟಿಯ ಪಾಂಟಿಯಾಕ್ ಮತ್ತು ಸೌತ್‌ಫೀಲ್ಡ್ ಆರೋಗ್ಯ ಕೇಂದ್ರಗಳಿವೆ. ಉಳಿದವರಿಗೆ ಹತ್ತಿರದ ಕ್ಲಿನಿಕ್ ಯಾವುದೆಂದು ಇಲಿನಾಯ್ ಮಾನವ ಸೇವಾ ಇಲಾಖೆಯ 1-800-843-6154, ಮಿಷಿಗನ್‌ನ 1-800-262-4784 ಸಂಖ್ಯೆಗಳು ತಿಳಿಸುತ್ತವೆ. ಎರಡೂ ಕಡೆ 211ಕ್ಕೆ ಕರೆ ಮಾಡಿದರೂ ದಾರಿ ತೋರಿಸುತ್ತಾರೆ.